ಸೂಪರ್‌ಮಾರ್ಕೆಟ್‌ಗಳ ಖರೀದಿ ಪದ್ಧತಿ ಮತ್ತು ಸಿಗಡಿ ಕಾರ್ಮಿಕರ ಹಕ್ಕುಗಳು: ಕೃಷಿಕರು ತಿಳಿದಿರಬೇಕಾದ ವಿಷಯಗಳು

ಭಾರತದ ಸಾಗರೋತ್ಪನ್ನ ರಫ್ತಿನಲ್ಲಿ ಸಿಗಡಿಗೆ ಅಗ್ರಸ್ಥಾನವಿದೆ. 2023-24ನೇ ಸಾಲಿನಲ್ಲಿ ದೇಶವು 17,81,602 ಟನ್ ಸಾಗರೋತ್ಪನ್ನಗಳನ್ನು ರಫ್ತು ಮಾಡಿ ರೂ. 60,523.89 ಕೋಟಿ ಗಳಿಸಿತು. ಇದರಲ್ಲಿ ಶೈತ್ಯೀಕರಿಸಿದ ಸಿಗಡಿಯ ಪ್ರಮಾಣ 7,16,004 ಟನ್. ಮೌಲ್ಯದ ಲೆಕ್ಕದಲ್ಲಿ ಇದು ಒಟ್ಟು ಗಳಿಕೆಯ ಸುಮಾರು ಮೂರನೇ ಎರಡು ಭಾಗವಾಗುತ್ತದೆ. ಆ ಸಿಗಡಿಯಲ್ಲಿ 2,97,571 ಟನ್, ಅಂದರೆ ಐದು ಪಾಲಿನಲ್ಲಿ ಎರಡು ಪಾಲಿಗಿಂತ ಹೆಚ್ಚು, ಅಮೆರಿಕ ಒಂದೇ ದೇಶಕ್ಕೆ ಹೋಯಿತು. ಅಲ್ಲಿ ಅದನ್ನು ಖರೀದಿಸುವವರು ಬೆರಳೆಣಿಕೆಯಷ್ಟು ದೊಡ್ಡ ಸೂಪರ್‌ಮಾರ್ಕೆಟ್ ಸರಣಿಗಳು, ಹೋಟೆಲ್ ಸರಣಿಗಳು ಹಾಗೂ ಅವರಿಗೆ ಸರಕು ಪೂರೈಸುವ ಆಮದುದಾರರು.

ನಮ್ಮ ರಾಜ್ಯದಲ್ಲಿ ಕುಮಟಾ, ಅಂಕೋಲಾ, ಹೊನ್ನಾವರ ಮತ್ತು ಕುಂದಾಪುರ ಭಾಗಗಳಲ್ಲಿ ಸಿಗಡಿ ಕೃಷಿ ನಡೆಯುತ್ತಿದೆ. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು, ಅನಂತರ ಅದೇ ಗಜನಿ ಭೂಮಿಯಲ್ಲಿ ಸಿಗಡಿ ಹಿಡಿಯುವ ಪದ್ಧತಿಯೂ ಅಘನಾಶಿನಿ ತೀರದಲ್ಲಿ ಬಹುಕಾಲದಿಂದ ಇದೆ. ಕೊಳದ ದಂಡೆಯಲ್ಲಿ ನಿಂತ ಕೃಷಿಕನಿಗೆ ದೂರದ ಸೂಪರ್‌ಮಾರ್ಕೆಟ್ ಕಾಣಿಸುವುದಿಲ್ಲ. ಆದರೆ ಅಲ್ಲಿನ ಖರೀದಿ ನಿರ್ಧಾರಗಳು ಈ ದಂಡೆಯವರೆಗೂ, ಇಲ್ಲಿಂದ ಮುಂದೆ ಸಿಗಡಿ ಸುಲಿಯುವ ಮಹಿಳೆಯ ಕೂಲಿಯವರೆಗೂ ತಲುಪುತ್ತವೆ. ಅವು ಹೇಗೆ ತಲುಪುತ್ತವೆ ಮತ್ತು ಈ ವಿಷಯದಲ್ಲಿ ಕೃಷಿಕರು ಹಾಗೂ ವಿಸ್ತರಣಾ ಕಾರ್ಯಕರ್ತರು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪೂರೈಕೆ ಸರಪಳಿಯ ಕೊಂಡಿಗಳು

ಸಿಗಡಿಯ ಪೂರೈಕೆ ಸರಪಳಿಯು ಮರಿ ಉತ್ಪಾದನಾ ಕೇಂದ್ರ ಮತ್ತು ಆಹಾರ ತಯಾರಿಕಾ ಘಟಕಗಳಿಂದ ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಕೃಷಿಕನ ಕೊಳ, ಸ್ಥಳೀಯ ದಲ್ಲಾಳಿ, ತಲೆ ತೆಗೆದು ಸುಲಿಯುವ ಶೆಡ್, ಸಂಸ್ಕರಣಾ ಹಾಗೂ ಶೈತ್ಯೀಕರಣ ಘಟಕ, ರಫ್ತುದಾರ, ಆಮದುದಾರ ಮತ್ತು ಕೊನೆಯಲ್ಲಿ ಚಿಲ್ಲರೆ ಮಾರಾಟಗಾರ ಎಂಬ ಕ್ರಮದಲ್ಲಿ ಅದು ಸಾಗುತ್ತದೆ.

ಈ ಸರಪಳಿಯ ಆಕಾರವನ್ನು ಗಮನಿಸುವುದು ಅಗತ್ಯ. ಒಂದು ತುದಿಯಲ್ಲಿ ಸಾವಿರಾರು ಸಣ್ಣ ಕೃಷಿಕರೂ ಲಕ್ಷಾಂತರ ಕಾರ್ಮಿಕರೂ ಇದ್ದಾರೆ. ಇನ್ನೊಂದು ತುದಿಯಲ್ಲಿ ಕೋಟ್ಯಂತರ ಗ್ರಾಹಕರಿದ್ದಾರೆ. ನಡುವೆ ಖರೀದಿಸುವ ಕೈಗಳು ಮಾತ್ರ ಕೆಲವೇ. ಒಬ್ಬ ರಫ್ತುದಾರನಿಗೆ ದೊಡ್ಡ ಖರೀದಿದಾರನೊಬ್ಬ ಕೈತಪ್ಪಿದರೆ ಘಟಕವೇ ನಿಲ್ಲಬಹುದು. ಖರೀದಿದಾರನಿಗಾದರೋ ಒಬ್ಬ ರಫ್ತುದಾರ ತಪ್ಪಿದರೆ ಈಕ್ವೆಡಾರ್, ವಿಯೆಟ್ನಾಂ ಅಥವಾ ಇಂಡೋನೇಷ್ಯಾದಲ್ಲಿ ಮತ್ತೊಬ್ಬ ಸಿಗುತ್ತಾನೆ. ಚೌಕಾಸಿಯ ಬಲ ಯಾರ ಕಡೆಗೆ ವಾಲುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಕಾರ್ಮಿಕರ ಮೇಲೆ ಪರಿಣಾಮ ಬೀರುವ ಖರೀದಿ ಪದ್ಧತಿಗಳು

1. ಉತ್ಪಾದನಾ ವೆಚ್ಚವನ್ನು ಪರಿಗಣಿಸದ ಬೆಲೆ: ಅಂಗಡಿಯಲ್ಲಿ ಇಡಬೇಕಾದ ಬೆಲೆಯನ್ನು ಮೊದಲು ನಿಗದಿಪಡಿಸಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಪೂರೈಕೆದಾರನ ಬೆಲೆಯನ್ನು ನಿರ್ಧರಿಸುವ ಕ್ರಮವಿದು. ಹಲವು ಪೂರೈಕೆದಾರರನ್ನು ಒಟ್ಟಿಗೆ ಕೂರಿಸಿ, ಕಡಿಮೆ ಬೆಲೆ ಹೇಳಿದವರಿಗೆ ಆದೇಶ ನೀಡುವ ಇಳಿಕೆ ಹರಾಜು ಇದರ ತೀವ್ರ ರೂಪ.

2. ಕೊನೆಯ ಗಳಿಗೆಯ ಆದೇಶ ಮತ್ತು ಬದಲಾವಣೆ: ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಮುನ್ನ ಬೇಡಿಕೆ ಏರುತ್ತದೆ. ಪ್ರಮಾಣ, ಕೌಂಟ್ ಅಥವಾ ಪ್ಯಾಕಿಂಗ್ ವಿಧಾನವನ್ನು ತಡವಾಗಿ ಬದಲಿಸಿ, ಹಡಗಿಗೆ ಸರಕು ಏರಿಸುವ ದಿನಾಂಕವನ್ನು ಮಾತ್ರ ಹಾಗೆಯೇ ಉಳಿಸಿದರೆ ಘಟಕವು ರಾತ್ರಿ ಪಾಳಿ ನಡೆಸಬೇಕಾಗುತ್ತದೆ, ಇಲ್ಲವೇ ಕೆಲಸವನ್ನು ಹೊರಗಿನ ಶೆಡ್‌ಗಳಿಗೆ ಹಂಚಬೇಕಾಗುತ್ತದೆ.

3. ವಿಳಂಬ ಪಾವತಿ ಮತ್ತು ಕಡಿತ: ಸರಕು ತಲುಪಿ ಎರಡು ಮೂರು ತಿಂಗಳ ಬಳಿಕ ಹಣ ಬರುವುದಾದರೆ, ಆ ಅವಧಿಯ ಬಡ್ಡಿಯನ್ನು ರಫ್ತುದಾರ ಹೊರುತ್ತಾನೆ. ಆತ ಅದನ್ನು ಕೃಷಿಕನ ಪಾವತಿಗೂ ಕಾರ್ಮಿಕರ ವೇತನಕ್ಕೂ ವರ್ಗಾಯಿಸುತ್ತಾನೆ.

4. ಅಲ್ಪಾವಧಿ ಸಂಬಂಧ: ಮುಂದಿನ ಹಂಗಾಮಿನ ಆದೇಶದ ಖಾತ್ರಿ ಇಲ್ಲದಿದ್ದರೆ ಕಾಯಂ ಕಾರ್ಮಿಕರನ್ನು ನೇಮಿಸಲು ಯಾವ ಘಟಕವೂ ಮುಂದಾಗುವುದಿಲ್ಲ. ಗುತ್ತಿಗೆದಾರನ ಮೂಲಕ ದಿನಗೂಲಿಯವರನ್ನು ತರಿಸುವುದೇ ರೂಢಿಯಾಗುತ್ತದೆ.

5. ತಪಾಸಣೆಯ ವೆಚ್ಚವನ್ನು ಕೆಳಕ್ಕೆ ತಳ್ಳುವುದು: ಖರೀದಿದಾರರು ಕಾರ್ಮಿಕ ಮಾನದಂಡಗಳ ಪ್ರಮಾಣಪತ್ರ ಕೇಳುತ್ತಾರೆ. ಅದರ ಶುಲ್ಕವನ್ನೂ ಸುಧಾರಣೆಯ ವೆಚ್ಚವನ್ನೂ ಪೂರೈಕೆದಾರನೇ ಭರಿಸಬೇಕು. ಖರೀದಿ ಬೆಲೆ ಮಾತ್ರ ಏರುವುದಿಲ್ಲ.

ಬೆಲೆ ಇಳಿಕೆಯ ಹೊರೆ ಯಾರ ಮೇಲೆ ಬೀಳುತ್ತದೆ?

ಇದನ್ನು ಒಂದು ಲೆಕ್ಕದ ಮೂಲಕ ನೋಡೋಣ. ಇಲ್ಲಿನ ಅಂಕಿಗಳನ್ನು ವಿವರಣೆಯ ಅನುಕೂಲಕ್ಕಾಗಿ ಮಾತ್ರ ತೆಗೆದುಕೊಳ್ಳಲಾಗಿದೆ. ಸುಲಿದು ನಾಳ ತೆಗೆದ 1 ಕಿಲೋ ಸಿಗಡಿಯನ್ನು ಘಟಕವು ರೂ. 700ಕ್ಕೆ ಮಾರುತ್ತದೆ ಎಂದುಕೊಳ್ಳಿ. ತಲೆ ಮತ್ತು ಸಿಪ್ಪೆ ತೆಗೆದಾಗ ತೂಕ ಸುಮಾರು ಅರ್ಧಕ್ಕೆ ಇಳಿಯುವುದರಿಂದ 1 ಕಿಲೋ ಸಿದ್ಧ ಸರಕಿಗೆ ಸುಮಾರು 2 ಕಿಲೋ ಇಡೀ ಸಿಗಡಿ ಬೇಕು. ಕಿಲೋಗೆ ರೂ. 260ರಂತೆ ಅದರ ಬೆಲೆ ರೂ. 520. ಮಂಜುಗಡ್ಡೆ, ವಿದ್ಯುತ್, ಪ್ಯಾಕಿಂಗ್ ಮತ್ತು ಸಾಗಣೆಗೆ ರೂ. 90, ಕೂಲಿಗೆ ರೂ. 50, ಬಡ್ಡಿ ಮತ್ತು ಪ್ರಮಾಣೀಕರಣಕ್ಕೆ ರೂ. 20 ಹೋದರೆ ಘಟಕಕ್ಕೆ ಉಳಿಯುವುದು ರೂ. 20.

ಈಗ ಖರೀದಿದಾರನು ಶೇ. 5ರಷ್ಟು ಇಳಿಕೆ ಕೇಳಿದರೆ ರೂ. 35 ಕಡಿಮೆಯಾಗಬೇಕು. ಇದು ಘಟಕದ ಇಡೀ ಲಾಭಕ್ಕಿಂತ ಹೆಚ್ಚು. ವಿದ್ಯುತ್ ದರ, ಹಡಗಿನ ಬಾಡಿಗೆ ಮತ್ತು ಬ್ಯಾಂಕಿನ ಬಡ್ಡಿ ಘಟಕದ ಹಿಡಿತದಲ್ಲಿಲ್ಲ. ಅದರ ಹಿಡಿತದಲ್ಲಿ ಇರುವುದು ಎರಡೇ: ಕೃಷಿಕನಿಗೆ ಕೊಡುವ ಬೆಲೆ ಮತ್ತು ಕೂಲಿ. ಹೊರೆಯನ್ನು ಎರಡರ ಮೇಲೂ ಸಮನಾಗಿ ಹಂಚಿದರೆ ಕೃಷಿಕನಿಗೆ ಕಿಲೋಗೆ ಸುಮಾರು ರೂ. 9 ಕಡಿಮೆ ಸಿಗುತ್ತದೆ. ಕೂಲಿಯ ಬಾಬ್ತಿನಲ್ಲಿ ರೂ. 50 ಇದ್ದುದು ರೂ. 32.50ಕ್ಕೆ ಇಳಿಯುತ್ತದೆ. ಮೇಲಿನ ತುದಿಯಲ್ಲಿ ಶೇ. 5ರಷ್ಟಿದ್ದ ಇಳಿಕೆ ಕೃಷಿಕನಿಗೆ ಶೇ. 3ಕ್ಕಿಂತ ಹೆಚ್ಚಾಗಿಯೂ ಕಾರ್ಮಿಕರಿಗೆ ಶೇ. 35 ಆಗಿಯೂ ಪರಿಣಮಿಸುತ್ತದೆ. ವೆಚ್ಚದಲ್ಲಿ ಚಿಕ್ಕ ಪಾಲು ಯಾರದ್ದೋ, ಬೇಡವೆನ್ನುವ ಶಕ್ತಿ ಯಾರಿಗೆ ಕಡಿಮೆಯೋ, ಅವರಿಗೆ ಪೆಟ್ಟು ಹೆಚ್ಚು ಬೀಳುತ್ತದೆ.

ಕಾನೂನುಬದ್ಧ ಕಾರ್ಖಾನೆಯೊಳಗೆ ಕೂಲಿಯನ್ನು ಇಷ್ಟು ಇಳಿಸುವುದು ಸಾಧ್ಯವಿಲ್ಲ. ಆದ್ದರಿಂದಲೇ ಕೆಲಸವು ಕಾರ್ಖಾನೆಯ ಗೋಡೆಯಾಚೆಗೆ, ನೋಂದಣಿಯಿಲ್ಲದ ಶೆಡ್‌ಗಳಿಗೆ ಸರಿಯುತ್ತದೆ. ಅಲ್ಲಿ ಹಾಜರಿ ಪುಸ್ತಕವಿರುವುದಿಲ್ಲ. ಕೂಲಿಯನ್ನು ಸುಲಿದ ಕಿಲೋ ಲೆಕ್ಕದಲ್ಲಿ ಕೊಡಲಾಗುತ್ತದೆ. ತಪಾಸಕರು ಅತ್ತ ಬರುವುದಿಲ್ಲ.

ಥಾಯ್ಲೆಂಡಿನ ಅನುಭವ

ಈ ವ್ಯವಸ್ಥೆಯ ಪರಿಣಾಮ ಜಗತ್ತಿಗೆ ಸ್ಪಷ್ಟವಾಗಿ ಕಂಡದ್ದು ಥಾಯ್ಲೆಂಡಿನಲ್ಲಿ. ದಾಸ್ಯದ ಸ್ಥಿತಿಯಲ್ಲಿ ದುಡಿಸಿಕೊಳ್ಳುತ್ತಿದ್ದ ದೋಣಿಗಳಲ್ಲಿ ಹಿಡಿದ ಸಣ್ಣ ಮೀನು ಮೀನುಪುಡಿಯಾಗಿ, ಸಿಗಡಿಯ ಆಹಾರವಾಗಿ, ಕೊನೆಗೆ ಅಮೆರಿಕ ಮತ್ತು ಯುರೋಪಿನ ಪ್ರಮುಖ ಸೂಪರ್‌ಮಾರ್ಕೆಟ್‌ಗಳ ಸಿಗಡಿಯಾಗುತ್ತಿದ್ದುದನ್ನು 2014ರ ಜೂನ್‌ನಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಬಯಲಿಗೆಳೆಯಿತು. 2015ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು ಇಂಡೋನೇಷ್ಯಾದ ಬೆಂಜಿನಾ ದ್ವೀಪಗ್ರಾಮದಲ್ಲಿ ಕೂಡಿಹಾಕಲ್ಪಟ್ಟಿದ್ದ ಮೀನುಗಾರರ ಕುರಿತು ಪ್ರಕಟಿಸಿದ ವರದಿಗಳಿಂದಾಗಿ 2,000ಕ್ಕೂ ಹೆಚ್ಚು ಮಂದಿ ಬಿಡುಗಡೆಗೊಂಡರು. ಈ ವರದಿಗಳಿಗೆ 2016ರ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. 2015ರ ಡಿಸೆಂಬರ್‌ನಲ್ಲಿ ಸಮುತ್ ಸಾಖೋನ್ ಪಟ್ಟಣದ ಸಿಗಡಿ ಸುಲಿಯುವ ಶೆಡ್‌ಗಳಲ್ಲಿ ಮ್ಯಾನ್ಮಾರ್‌ನ ವಲಸೆ ಕಾರ್ಮಿಕರನ್ನೂ ಮಕ್ಕಳನ್ನೂ ದುಡಿಸುತ್ತಿದ್ದ ಸಂಗತಿ ಹೊರಬಂದಿತು.

ಅನಂತರದ ಕ್ರಮಗಳು ಗಮನಾರ್ಹ. ಯುರೋಪಿಯನ್ ಒಕ್ಕೂಟವು ಅಕ್ರಮ ಮೀನುಗಾರಿಕೆಯ ಕಾರಣಕ್ಕೆ 2015ರ ಏಪ್ರಿಲ್‌ನಲ್ಲಿ ನೀಡಿದ್ದ ಹಳದಿ ಎಚ್ಚರಿಕೆಯನ್ನು 2019ರ ಜನವರಿಯಲ್ಲಿ ಹಿಂಪಡೆಯಿತು. ಅದೇ ತಿಂಗಳು ಥಾಯ್ಲೆಂಡ್ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೀನುಗಾರಿಕಾ ಕೆಲಸದ ಕುರಿತಾದ 188ನೇ ಒಡಂಬಡಿಕೆಯನ್ನು ಅನುಮೋದಿಸಿದ ಮೊದಲ ಏಷ್ಯಾ ರಾಷ್ಟ್ರವಾಯಿತು. ಅಲ್ಲಿನ ಅತಿದೊಡ್ಡ ಸಾಗರೋತ್ಪನ್ನ ಕಂಪನಿಯು ಸುಲಿಯುವ ಕೆಲಸವನ್ನು ಹೊರಗುತ್ತಿಗೆ ಶೆಡ್‌ಗಳಿಂದ ತನ್ನ ಕಾರ್ಖಾನೆಗಳೊಳಕ್ಕೆ ತಂದುಕೊಳ್ಳುವುದಾಗಿ ಘೋಷಿಸಿತು.

ಆದರೆ ಖರೀದಿಯ ಮೂಲ ಕ್ರಮ ಬದಲಾಗದಿದ್ದರೆ ಸಮಸ್ಯೆ ಸ್ಥಳಾಂತರಗೊಳ್ಳುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. 2012-13ರ ಸುಮಾರಿಗೆ ಬಂದ ಶೀಘ್ರ ಸಾವಿನ ರೋಗದಿಂದ ಥಾಯ್ಲೆಂಡಿನ ಸಿಗಡಿ ಉತ್ಪಾದನೆ ಕುಸಿದಾಗ ಖರೀದಿದಾರರು ಭಾರತದತ್ತಲೂ ಈಕ್ವೆಡಾರ್‌ನತ್ತಲೂ ತಿರುಗಿದರು. 2009ರಲ್ಲಿ ವನ್ನಾಮಿ ತಳಿಯ ವಾಣಿಜ್ಯ ಕೃಷಿಗೆ ಅನುಮತಿ ನೀಡಿದ್ದ ಭಾರತಕ್ಕೆ ಇದು ದೊಡ್ಡ ಅವಕಾಶವಾಯಿತು. ಬೇಡಿಕೆಯೊಂದಿಗೆ ಬೆಲೆಯ ಒತ್ತಡವೂ ಇಲ್ಲಿಗೆ ಬಂದಿತು.

ಭಾರತದ ಸ್ಥಿತಿ

2024ರ ಮಾರ್ಚ್‌ನಲ್ಲಿ ಅಮೆರಿಕದ ಕಾರ್ಪೊರೇಟ್ ಅಕೌಂಟಬಿಲಿಟಿ ಲ್ಯಾಬ್ ಸಂಸ್ಥೆ ಮತ್ತು ಅಸೋಸಿಯೇಟೆಡ್ ಪ್ರೆಸ್ ಆಂಧ್ರಪ್ರದೇಶದ ಸಿಗಡಿ ಉದ್ಯಮದ ಕುರಿತು ವರದಿಗಳನ್ನು ಪ್ರಕಟಿಸಿದವು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ, ಸಾಲದ ಬಂಧನ, ಅಸುರಕ್ಷಿತ ಕೆಲಸ ಹಾಗೂ ಮಂಜುಗಡ್ಡೆಯಲ್ಲಿ ಗಂಟೆಗಟ್ಟಲೆ ಸುಲಿಯುವ ಮಹಿಳೆಯರ ಕೈಗಳ ಸೋಂಕನ್ನು ಅವು ದಾಖಲಿಸಿದವು. ರಫ್ತು ವಲಯವು ಈ ಆರೋಪಗಳನ್ನು ಅಲ್ಲಗಳೆದು, ತನ್ನ ಘಟಕಗಳು ಪ್ರಮಾಣೀಕೃತವಾಗಿವೆ ಎಂದಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪ್ರಮಾಣಪತ್ರವು ಒಂದು ಘಟಕಕ್ಕೆ ಸಲ್ಲುತ್ತದೆಯೇ ಹೊರತು ಸರಕು ಹಾದುಬಂದ ಎಲ್ಲ ಕೊಂಡಿಗಳಿಗೂ ಅಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ವಿಯೆಟ್ನಾಂ, ಇಂಡೋನೇಷ್ಯಾ ಮತ್ತು ಭಾರತದ ಸಿಗಡಿ ಕಾರ್ಮಿಕರ ಗಳಿಕೆ ಕೋವಿಡ್ ಪೂರ್ವದ ಮಟ್ಟಕ್ಕಿಂತ ಶೇ. 20ರಿಂದ 60ರಷ್ಟು ಕುಸಿದಿದೆ ಎಂದು ತಿಳಿಸಿ, ಅದನ್ನು ಪಾಶ್ಚಾತ್ಯ ಸೂಪರ್‌ಮಾರ್ಕೆಟ್‌ಗಳ ಬೆಲೆಯ ಒತ್ತಡಕ್ಕೆ ಸಂಬಂಧಿಸಿತು.

ಮೇಲಿನ ಆಘಾತ ಕೆಳಗೆ ಎಷ್ಟು ಬೇಗ ತಲುಪುತ್ತದೆ ಎಂಬುದಕ್ಕೆ 2025ರ ಏಪ್ರಿಲ್ ತಿಂಗಳು ಸಾಕ್ಷಿ. ಅಮೆರಿಕವು ಹೆಚ್ಚುವರಿ ಸುಂಕ ಘೋಷಿಸಿದ ಕೆಲವೇ ದಿನಗಳಲ್ಲಿ ಆಂಧ್ರಪ್ರದೇಶದಲ್ಲಿ ಕೊಳದ ಬಳಿಯ ಸಿಗಡಿ ಬೆಲೆ ಕುಸಿಯಿತು; ಅಲ್ಲಿನ ಮುಖ್ಯಮಂತ್ರಿಗಳು ಕೇಂದ್ರ ವಾಣಿಜ್ಯ ಸಚಿವರಿಗೆ ಪತ್ರ ಬರೆದರು. ಹೆಚ್ಚಿನ ದರದ ಸುಂಕದ ಜಾರಿಯನ್ನು ಅದೇ ತಿಂಗಳು ಮುಂದೂಡಲಾಯಿತು. ಅಂದರೆ, ಘೋಷಿಸಿದ ಸುಂಕ ಪೂರ್ತಿಯಾಗಿ ಜಾರಿಗೆ ಬರುವ ಮೊದಲೇ ಅದರ ಬಿಸಿ ಕೃಷಿಕನಿಗೆ ತಟ್ಟಿತ್ತು. ಆಗಸ್ಟ್‌ನಲ್ಲಿ ಭಾರತದ ಸರಕುಗಳ ಮೇಲಿನ ಸುಂಕ ಶೇ. 50ಕ್ಕೆ ಏರಿತು.

ಕರ್ನಾಟಕದ ಕರಾವಳಿಯೂ ಈ ಚಿತ್ರದ ಹೊರಗಿಲ್ಲ. ಮಲ್ಪೆ ಮತ್ತು ಮಂಗಳೂರಿನ ದೋಣಿಗಳಲ್ಲಿ ಒಡಿಶಾ, ಜಾರ್ಖಂಡ್ ಮುಂತಾದ ರಾಜ್ಯಗಳ ಕಾರ್ಮಿಕರು ದುಡಿಯುತ್ತಿದ್ದಾರೆ. ನಮ್ಮ ಕರಾವಳಿಯ ಮೀನುಪುಡಿ ಕಾರ್ಖಾನೆಗಳ ಉತ್ಪನ್ನ ಸಿಗಡಿ ಆಹಾರದ ಕಚ್ಚಾವಸ್ತು. 2022ರ ಏಪ್ರಿಲ್‌ನಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯ ತೊಟ್ಟಿಯಲ್ಲಿ ವಿಷಾನಿಲ ಸೇವಿಸಿ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ಮೃತಪಟ್ಟರು. ಆ ದುರಂತವನ್ನು ಯಾವ ಖರೀದಿದಾರನ ಬೆಲೆಗೂ ನೇರವಾಗಿ ಜೋಡಿಸಲಾಗದು. ಆದರೆ ಸುರಕ್ಷತೆಗೆ ವೆಚ್ಚ ಮಾಡದಿದ್ದಾಗ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಅದು ತೋರಿಸಿತು.

ಹೊಣೆ ಯಾರದು?

ಖರೀದಿದಾರರ ಒತ್ತಡವು ಸ್ಥಳೀಯ ಕಾನೂನು ಉಲ್ಲಂಘನೆಗೆ ಸಮರ್ಥನೆಯಾಗದು. ಕನಿಷ್ಠ ವೇತನ ಕೊಡದ ಗುತ್ತಿಗೆದಾರ, ಅದನ್ನು ಕಂಡೂ ಸುಮ್ಮನಿರುವ ಘಟಕ, ತಪಾಸಣೆ ನಡೆಸದ ಇಲಾಖೆ ಇವರೆಲ್ಲರಿಗೂ ಹೊಣೆಯಿದೆ. ಆದರೆ ಕೆಳಗಿನವರನ್ನು ಮಾತ್ರ ಶಿಕ್ಷಿಸಿ, ಮೇಲಿನ ಬೆಲೆಯನ್ನು ಹಾಗೆಯೇ ಬಿಟ್ಟರೆ ಕೆಲಸವು ಮತ್ತೊಂದು ಶೆಡ್‌ಗೆ ಸರಿಯುತ್ತದೆ. ವಿಶ್ವಸಂಸ್ಥೆಯು 2011ರಲ್ಲಿ ಅನುಮೋದಿಸಿದ ವ್ಯಾಪಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ತ್ವಗಳು ಖರೀದಿದಾರನೂ ತನ್ನ ವ್ಯವಹಾರದ ಪರಿಣಾಮಕ್ಕೆ ಉತ್ತರಿಸಬೇಕು ಎನ್ನುತ್ತವೆ.

ಈ ದಿಕ್ಕಿನಲ್ಲಿ ಕೆಲವು ಕಾನೂನುಗಳು ಬಂದಿವೆ. ಯುರೋಪಿಯನ್ ಒಕ್ಕೂಟದ 2019ರ ಅನ್ಯಾಯದ ವ್ಯಾಪಾರ ಪದ್ಧತಿಗಳ ನಿರ್ದೇಶನವು ಬೇಗ ಕೆಡುವ ಆಹಾರಕ್ಕೆ 30 ದಿನಗಳೊಳಗೆ, ಇತರ ಆಹಾರೋತ್ಪನ್ನಗಳಿಗೆ 60 ದಿನಗಳೊಳಗೆ ಹಣ ಪಾವತಿಸಬೇಕೆಂದು ವಿಧಿಸುತ್ತದೆ. ಶೈತ್ಯೀಕರಿಸಿದ ಸಿಗಡಿ ಎರಡನೆಯ ವರ್ಗಕ್ಕೆ ಸೇರುತ್ತದೆ. ಯುರೋಪಿನ ಖರೀದಿದಾರರಿಗೆ ಮಾರುವ ಹೊರದೇಶಗಳ ಪೂರೈಕೆದಾರರಿಗೂ ಈ ರಕ್ಷಣೆಯಿದೆ. ಬ್ರಿಟನ್ನಿನಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳ ಮೇಲೆ ನಿಗಾ ಇಡುವ ನಿಯಮಾವಳಿ 2010ರಿಂದ ಇದೆ. ಆದರೆ ಅದು ನೇರ ಪೂರೈಕೆದಾರರಿಗೆ ಮಾತ್ರ ಅನ್ವಯಿಸುವುದರಿಂದ ಆಮದುದಾರನ ಹಿಂದಿರುವ ನಮ್ಮ ಘಟಕಗಳಿಗೆ ಅದರ ಲಾಭ ದೊರೆಯುವುದಿಲ್ಲ. ಅಮೆರಿಕವು ಬಲವಂತದ ದುಡಿಮೆಯ ಸರಕಿನ ಆಮದನ್ನು ನಿಷೇಧಿಸುವ 1930ರ ಸುಂಕ ಕಾಯ್ದೆಯಲ್ಲಿದ್ದ ವಿನಾಯಿತಿಯನ್ನು 2016ರಲ್ಲಿ ತೆಗೆದುಹಾಕಿತು. ಯುರೋಪಿಯನ್ ಒಕ್ಕೂಟದ ಇಂಥದೇ ನಿಷೇಧವು 2027ರ ಡಿಸೆಂಬರ್‌ನಿಂದ ಅನ್ವಯವಾಗಲಿದೆ. ಹೀಗಾಗಿ ಕಾರ್ಮಿಕರ ಸ್ಥಿತಿಗತಿಯ ದಾಖಲೆಯು ಮುಂದಿನ ದಿನಗಳಲ್ಲಿ ಪ್ರತಿಜೀವಕ ಶೇಷದ ಪರೀಕ್ಷಾ ವರದಿಯಷ್ಟೇ ಅಗತ್ಯವಾಗಬಹುದು.

ಭಾರತದ ಕಾನೂನು ಏನು ಹೇಳುತ್ತದೆ?

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯು ಕನಿಷ್ಠ ವೇತನದ ಹಕ್ಕನ್ನು ಎಲ್ಲ ಉದ್ಯೋಗಗಳ ಕಾರ್ಮಿಕರಿಗೂ ವಿಸ್ತರಿಸಿದೆ. ಇದರ ಪ್ರಮುಖ ಅಂಶಗಳು ಇಂತಿವೆ:

• ಕಿಲೋ ಲೆಕ್ಕದ ಕೂಲಿಯವರಿಗೂ ನಿಗದಿತ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ.
• ನಿಗದಿತ ಅವಧಿ ಮೀರಿದ ಕೆಲಸಕ್ಕೆ ಎರಡು ಪಟ್ಟು ದರದಲ್ಲಿ ಕೂಲಿ ಕೊಡಬೇಕು.
• ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಪಾವತಿಸಬೇಕು.
• ಗುತ್ತಿಗೆದಾರನು ವೇತನ ಕೊಡಲು ತಪ್ಪಿದರೆ ಕೆಲಸ ಮಾಡಿಸಿಕೊಂಡ ಮಾಲೀಕ ಅಥವಾ ಕಂಪನಿಯೇ ಅದಕ್ಕೆ ಹೊಣೆ.

ಇದಲ್ಲದೆ, ಮುಂಗಡ ಹಣ ಕೊಟ್ಟು, ಅದು ತೀರುವವರೆಗೆ ಬೇರೆಡೆ ಹೋಗದಂತೆ ಕಟ್ಟಿಹಾಕುವುದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯಡಿ ಅಪರಾಧ.

ಕೃಷಿಕರಿಗೆ ಸಲಹೆಗಳು

ಸಿಗಡಿ ಕೃಷಿಕನ ಸ್ಥಾನ ಇಬ್ಬಂದಿಯದು. ಮೇಲಿನಿಂದ ಬರುವ ಬೆಲೆಯ ಒತ್ತಡಕ್ಕೆ ಆತ ಗುರಿಯಾಗುತ್ತಾನೆ. ಕೊಳ ಕಾಯುವ ಕುಟುಂಬಕ್ಕೂ ಕೊಯ್ಲಿನ ಕೂಲಿಯವರಿಗೂ ಆತನೇ ಮಾಲೀಕ. ತನ್ನ ಮೇಲೆ ಬಿದ್ದ ಹೊರೆಯನ್ನು ತನಗಿಂತ ದುರ್ಬಲರಿಗೆ ದಾಟಿಸದಿರುವುದು ನ್ಯಾಯವೂ ಹೌದು, ದೀರ್ಘಾವಧಿಯಲ್ಲಿ ವ್ಯವಹಾರಕ್ಕೆ ಹಿತವೂ ಹೌದು. ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಕರಾವಳಿ ಜಲಕೃಷಿ ಪ್ರಾಧಿಕಾರದಲ್ಲಿ ಕೊಳವನ್ನು ನೋಂದಾಯಿಸಿ. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಕೃಷಿಕೇಂದ್ರ ದಾಖಲಾತಿಯನ್ನೂ ಪಡೆಯಿರಿ. ಅಮೆರಿಕವು 2018ರ ಡಿಸೆಂಬರ್ 31ರಿಂದ ಆಮದು ಸಿಗಡಿಯ ಮೂಲದ ವಿವರಗಳನ್ನು ಕಡ್ಡಾಯಗೊಳಿಸಿದೆ.

2. ಬಿತ್ತನೆ, ಆಹಾರ, ಔಷಧಗಳ ದಾಖಲೆಯ ಜೊತೆಗೆ ಕಾರ್ಮಿಕರ ಹೆಸರು, ದುಡಿದ ದಿನ ಮತ್ತು ಕೊಟ್ಟ ಕೂಲಿಯನ್ನೂ ಬರೆದಿಡಿ. ಕೂಲಿಯನ್ನು ಆದಷ್ಟೂ ಬ್ಯಾಂಕ್ ಖಾತೆಗೆ ಜಮಾ ಮಾಡಿ. ಪತಿ-ಪತ್ನಿ ಇಬ್ಬರೂ ದುಡಿಯುವಲ್ಲಿ ಇಬ್ಬರಿಗೂ ಪ್ರತ್ಯೇಕವಾಗಿ ಕೂಲಿ ಕೊಡಿ.

3. ಉತ್ಪಾದನಾ ವೆಚ್ಚದ ಲೆಕ್ಕದಲ್ಲಿ ಕೂಲಿಯನ್ನು ಪ್ರತ್ಯೇಕ ಬಾಬ್ತಾಗಿ ತೋರಿಸಿ. ಬೆಲೆಯ ಮಾತುಕತೆಯಲ್ಲಿ ಆ ಬಾಬ್ತನ್ನು ಚೌಕಾಸಿಯಿಂದ ಹೊರಗಿಡಿ.

4. ಒಬ್ಬೊಬ್ಬರೇ ಮಾರುವ ಬದಲು ರೈತ ಉತ್ಪಾದಕ ಸಂಸ್ಥೆ ಅಥವಾ ಸಹಕಾರ ಸಂಘದ ಮೂಲಕ ಕೊಯ್ಲನ್ನು ಹೊಂದಿಸಿಕೊಂಡು ಒಟ್ಟಾಗಿ ಮಾರಿ. ಬೆಲೆ, ಕೌಂಟ್, ಕೊಯ್ಲಿನ ದಿನಾಂಕ ಮತ್ತು ಪಾವತಿಯ ಗಡುವನ್ನು ಲಿಖಿತವಾಗಿ ಪಡೆಯಿರಿ.

5. ಕೊಯ್ಲಿನ ವೇಳೆ ಕಪ್ಪುಕಲೆ ತಡೆಯಲು ಬಳಸುವ ಸೋಡಿಯಂ ಮೆಟಾಬೈಸಲ್ಫೈಟ್ ಪುಡಿಯಿಂದ ಸಲ್ಫರ್ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ಇದು ಉಸಿರಾಟಕ್ಕೆ ಅಪಾಯಕಾರಿ. ಉಬ್ಬಸವಿರುವವರಿಗೆ ಪ್ರಾಣಾಂತಿಕವೂ ಆಗಬಹುದು. ಗಾಳಿಯಾಡುವ ಸ್ಥಳದಲ್ಲಿ ಮಾತ್ರ ಬಳಸಿ. ಸೂಕ್ತ ಮುಖಗವಸು, ಕನ್ನಡಕ ಮತ್ತು ಕೈಗವಸು ಒದಗಿಸಿ.

6. ಏರೇಟರ್‌ಗಳ ತಂತಿ, ಭೂಸಂಪರ್ಕ ಮತ್ತು ಸೋರಿಕೆ ತಡೆಯುವ ಸ್ವಿಚ್‌ಗಳನ್ನು ಪ್ರತಿ ಬೆಳೆಗೂ ಮೊದಲು ಪರೀಕ್ಷಿಸಿ. ವಿದ್ಯುತ್ ಕಡಿತಗೊಳಿಸದೆ ಯಾರನ್ನೂ ಏರೇಟರ್ ಬಳಿ ನೀರಿಗಿಳಿಸಬೇಡಿ.

ವಿಸ್ತರಣಾ ಕಾರ್ಯಕರ್ತರಿಗೆ

ತರಬೇತಿ ಕಾರ್ಯಕ್ರಮಗಳಲ್ಲಿ ರೋಗ ನಿರ್ವಹಣೆ ಮತ್ತು ನೀರಿನ ಗುಣಮಟ್ಟದ ಜೊತೆಗೆ ಕಾರ್ಮಿಕರ ಹಕ್ಕು ಹಾಗೂ ಸುರಕ್ಷತೆಗೆ ಒಂದು ಅವಧಿಯನ್ನು ಮೀಸಲಿಡುವುದು ಸೂಕ್ತ. ಆ ಅವಧಿಗೆ ಕೊಳದ ಮಾಲೀಕರನ್ನಷ್ಟೇ ಅಲ್ಲದೆ ಕೊಳ ಕಾಯುವವರನ್ನೂ ಸುಲಿಯುವ ಮಹಿಳೆಯರನ್ನೂ ಕರೆಯಬೇಕು. ಮುಂಗಡದ ಸಾಲದಲ್ಲಿ ಸಿಲುಕಿದವರು, ಕೂಲಿ ಸಿಗದವರು ಅಥವಾ ದುಡಿಯುತ್ತಿರುವ ಮಕ್ಕಳು ಕಂಡುಬಂದಲ್ಲಿ ಕಾರ್ಮಿಕ ಇಲಾಖೆಯ ಗಮನಕ್ಕೆ ತರಬೇಕು. ಉಚಿತ ಕಾನೂನು ನೆರವಿಗೆ 15100 ಹಾಗೂ ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳನ್ನು ತರಬೇತಿ ಸ್ಥಳದಲ್ಲಿ ಪ್ರದರ್ಶಿಸಬೇಕು. ಹೊರರಾಜ್ಯದ ಕಾರ್ಮಿಕರಿಗೆ ಅರ್ಥವಾಗುವಂತೆ ಈ ಮಾಹಿತಿಯನ್ನು ಹಿಂದಿ, ಒಡಿಯಾ ಮತ್ತು ಬಂಗಾಳಿ ಭಾಷೆಗಳಲ್ಲಿಯೂ ಒದಗಿಸುವುದು ಒಳ್ಳೆಯದು.

ಕಡಿಮೆ ಬೆಲೆಗೆ ಮಾರಾಟವಾಗುವ ಸಿಗಡಿಯ ಉಳಿದ ವೆಚ್ಚ ಎಲ್ಲಿಯೂ ಮಾಯವಾಗುವುದಿಲ್ಲ. ಅದನ್ನು ಸರಪಳಿಯ ಕೆಳಗಿನ ಕೊಂಡಿಯಲ್ಲಿರುವವರು ತೆರುತ್ತಾರೆ. ಕೃಷಿಕರಿಗೆ ನ್ಯಾಯವಾದ ಬೆಲೆ ಮತ್ತು ಕಾರ್ಮಿಕರಿಗೆ ನ್ಯಾಯವಾದ ಕೂಲಿ ಒಂದೇ ಬೇಡಿಕೆಯ ಎರಡು ಭಾಗಗಳು. ಖರೀದಿದಾರರ ಮುಂದೆ ಅವುಗಳನ್ನು ಒಟ್ಟಾಗಿ ಇಟ್ಟಲ್ಲಿ ಎರಡಕ್ಕೂ ಬಲ ಬರುತ್ತದೆ.